ಸಬ್ಬಕ್ಕಿಯ ಮರಳಿನ ಟ್ರೇ

ನಾನು ಮೊದಲ ಸಲ ಮನೆ ಬಿಟ್ಟು ಹೊರಟಿದ್ದು ಒಂದು ಗುರುವಾರ. ಎಂಟನೇ ಕ್ಲಾಸು, ಗಣಿತದ ಪರೀಕ್ಷೆ. ಶಾಲೆಯ ಗೇಟಿನವರೆಗೆ ಸರಿಯಾಗೇ ಹೋದ ಕಾಲು ಒಳಗೆ ಹೋಗದೆ ಕಂಟೋನ್ಮೆಂಟ್ ಸ್ಟೇಷನ್ನಿಗೆ ಹೋಯಿತು. ಜೋಲಾರಪೇಟೆಯಲ್ಲಿ ಇಳಿದಾಗಲೂ ಕೈಯಲ್ಲಿ ಕಂಪಾಸ್ ಬಾಕ್ಸ್ ಇತ್ತು. ಅಲ್ಲಿಂದ ಇಲ್ಲಿಯವರೆಗೆ ಲಾರಿ ಕ್ಲೀನರ್, ಬೇಕರಿ, ಐಸ್ ಫ್ಯಾಕ್ಟರಿ, ಶಾಮಿಯಾನ ಅಂತ ಎಲ್ಲಿ ಕಾಲಿಟ್ಟರೂ ನನ್ನ ಸುತ್ತ ಏನಾದರೊಂದು ನಗೆಪಾಟಲು ನಡೆಯುತ್ತಲೇ ಇರುತ್ತೆ. ನಗಬಾರದ ಮನೆಯಲ್ಲೂ ನಡೆಯುತ್ತೆ ಅಂತ ಗೊತ್ತಾಗಿದ್ದು ಈ ವರ್ಷ, ಮಹದೇವಪುರದ ತಂಗಿ ಮನೆಯಲ್ಲಿ.

ಎರಡು ದಿನ ಇದ್ದು ಹೋಗೋಣ ಅಂತ ಬಂದಿದ್ದೆ. ತಂಗಿ ಮೂರು ತಿಂಗಳ ಬಸುರಿ. ಇದಕ್ಕೆ ಮುಂಚೆ ಎರಡು ಸಲ ನಿಂತು, ಎರಡು ಸಲವೂ ಹೋಗಿತ್ತು. ಎರಡನೇದು ಹೋದಮೇಲೆ ಅವಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಗ, ಎಲ್ಲಿಂದಲೋ ಬಂದ ಬಿಳಿ ಬೆಕ್ಕಿನ ಮರಿಯೊಂದು ಅವಳ ಬೆನ್ನಿಗೆ ಒತ್ತಿಕೊಂಡು ಮಲಗಿತಂತೆ. ಸಮಾಧಾನ ಹೇಳಲು ಬಂದವರೆಲ್ಲ ಹೇಳಿ ಎದ್ದು ಹೋದರು. ಏನೂ ಹೇಳದೆ ಉಳಿದುಕೊಂಡಿದ್ದು ಅದೊಂದೇ. ಸಬ್ಬಕ್ಕಿ ಅಂತ ಹೆಸರಿಟ್ಟು ಸಾಕಿಕೊಂಡಳು. ಈಗ ಅದಕ್ಕೆ ಎರಡು ವರ್ಷ. ನಾನು ಬಂದಾಗ ಮನೆಯಲ್ಲಿ ಇದ್ದದ್ದು ಒಂದೇ ಮಾತು: ಈ ಮಗುವಾದರೂ ಉಳಿಯಬೇಕು, ಅದಕ್ಕೆ ಬೆಕ್ಕು ಹೋಗಬೇಕಾ, ಬೇಡವಾ.

೧. ಹೆರಿಗೆ ಡಾಕ್ಟರ ಮುಂದೆ ಬೆಕ್ಕು

ತಂಗಿಯ ಅತ್ತೆ ಹಳೇ ಮಹದೇವಪುರದವರು, ರಾಗಿ ಬೆಳೆದ ಕೈ. ನಾನು ಅವರನ್ನ ಅಮ್ಮ ಅಂತಲೇ ಕರೆಯೋದು. ಅವರ ಹೊಲ ಇದ್ದ ಜಾಗದಲ್ಲಿ ಈಗ ದೊಡ್ಡ ಅಪಾರ್ಟ್‌ಮೆಂಟು. ಉಳಿದದ್ದು ಮೂರು ಮಹಡಿಯ ಮನೆ, ಮೇಲಿನ ಎರಡರಲ್ಲಿ ಬಾಡಿಗೆ ಹುಡುಗರು. ಒಂದು ದಿನ ಎದುರು ಮನೆಯಾಕೆ ಕಾಂಪೌಂಡಿನ ಆಚೆಯಿಂದಲೇ ಹೇಳಿ ಹೋದಳು: "ಬೆಕ್ಕಿನ ಕೂದಲು ಹೊಟ್ಟೆಗೆ ಹೋದ್ರೆ ಮಗು ಉಸಿರು ಕಟ್ಟುತ್ತೆ ಕಣ್ರೀ. ಎರಡು ಹೋಗಿದ್ದು ಸಾಲ್ದಾ?"

ಆ ಎರಡು ಹೋದಾಗ ಮನೆಯಲ್ಲಿ ಬೆಕ್ಕೇ ಇರಲಿಲ್ಲ ಅನ್ನೋದು ಯಾರಿಗೂ ನೆನಪಾಗಲಿಲ್ಲ.

ಅತ್ತೆ ಗೋಣಿಚೀಲ ಹುಡುಕಲು ಶುರು ಮಾಡಿದರು. ತಂಗಿ ಅಂದಳು, "ಡಾಕ್ಟ್ರು ಕಳಿಸು ಅಂದ್ರೆ ಕಳಿಸ್ತೀನಿ, ಅಲ್ಲಿವರೆಗೂ ಮುಟ್ಟಬೇಡಿ."

"ಹಾಗಾದ್ರೆ ಆ ಡಾಕ್ಟ್ರು ಇದರ ಮುಖ ನೋಡಿಯೇ ಹೇಳ್ಲಿ" ಅಂದರು ಅತ್ತೆ.

ಹೀಗೆ ಇಂದಿರಾನಗರದ ಹೆರಿಗೆ ಕ್ಲಿನಿಕ್ಕಿಗೆ ನಾವು ನಾಲ್ಕು ಜನ ಹೋದೆವು: ತಂಗಿ, ಅತ್ತೆ, ನಾನು, ಮುಚ್ಚಳದ ಬುಟ್ಟಿಯಲ್ಲಿ ಸಬ್ಬಕ್ಕಿ. ಕೌಂಟರಿನ ಹುಡುಗಿ ತಲೆ ಎತ್ತದೆ ಕೇಳಿದಳು.

"ಪೇಷಂಟ್ ಹೆಸರು?"

ಬುಟ್ಟಿ ನನ್ನ ಕೈಯಲ್ಲಿತ್ತು. ನನ್ನನ್ನ ಕೇಳ್ತಿದ್ದಾಳೆ ಅಂದರೆ ಬುಟ್ಟಿದೇ ಇರಬೇಕು ಅಂದುಕೊಂಡೆ. "ಸಬ್ಬಕ್ಕಿ."

"ವಯಸ್ಸು?"

"ಎರಡು."

"ಗಂಡನ ಹೆಸರು?"

"ಗೊತ್ತಿಲ್ಲ ಮೇಡಂ, ಬೀದೀಲಿ ಯಾವುದೋ."

ಆಗ ಆಕೆ ತಲೆ ಎತ್ತಿದಳು. ಬುಟ್ಟಿಯೊಳಗಿಂದ ಸಬ್ಬಕ್ಕಿ ಒಂದು ಸಲ ಕೂಗಿತು. ಬೆಂಚಿನ ಮೇಲಿದ್ದ ಬಸುರಿಯರೆಲ್ಲ ಕಾಲು ಮೇಲೆ ಎಳೆದುಕೊಂಡರು. ಆ ಹೊಟ್ಟೆಗಳಲ್ಲಿ ಅಷ್ಟು ಬೇಗ ಕಾಲು ಮೇಲಕ್ಕೆ ಹೋಗುತ್ತೆ ಅಂತ ನನಗೆ ಗೊತ್ತಿರಲಿಲ್ಲ.

ಡಾಕ್ಟರಮ್ಮ ಬುಟ್ಟಿ ನೋಡಿ ಮೊದಲು ಕನ್ನಡಕ ತೆಗೆದರು, ಆಮೇಲೆ ನಿಧಾನಕ್ಕೆ ಹೇಳಿದರು. "ಬೆಕ್ಕು ಎಲ್ಲಿಗೂ ಹೋಗಬೇಕಾಗಿಲ್ಲಮ್ಮ. ಕೂದಲಿಂದ ಏನೂ ಆಗಲ್ಲ. ಭಯ ಇರೋದು ಅದರ ಕಕ್ಕಸಲ್ಲಿ. ಅದರಲ್ಲಿ ಒಂದು ಸೋಂಕು ಇರಬಹುದು, ಇಲ್ಲದೇನೂ ಇರಬಹುದು. ಅದು ಹೋಗೋ ಮರಳಿನ ಟ್ರೇ ಇವಳು ಮುಟ್ಟಬಾರದು. ಬೇರೆ ಯಾರಾದ್ರೂ ಗ್ಲೌಸ್ ಹಾಕ್ಕೊಂಡು ದಿನಾ ತೆಗೀಬೇಕು. ಹಾಕಿದ ತಕ್ಷಣ ಅದು ಅಂಟಲ್ಲ, ಒಂದು ದಿನ ಬಿಟ್ರೆ ಅಂಟೋಕೆ ಶುರು. ಅದಕ್ಕೇ ದಿನಾ ಅಂದ್ರೆ ದಿನಾ. ಬೆಕ್ಕನ್ನ ಹೊರಗೆ ಅಲೆಯೋಕೆ ಬಿಡಬೇಡಿ. ಹಸಿ ಮಾಂಸ ಅದಕ್ಕೂ ಬೇಡ, ಇವಳಿಗೆ ಅರೆಬೆಂದದ್ದೂ ಬೇಡ. ಸೊಪ್ಪು ಸದೆ ಚೆನ್ನಾಗಿ ತೊಳೀರಿ. ಸೋಪು ಹಾಕಿ ಕೈ ತೊಳೀರಿ."

"ಟ್ರೇ ಯಾರು ತೆಗೀತೀರಾ?" ಅಂತ ಕೇಳಿದರು. ತಂಗಿಯ ಗಂಡನಿಗೆ ದೊಡ್ಡನೆಕ್ಕುಂದಿ ಫ್ಯಾಕ್ಟರಿಯಲ್ಲಿ ಶಿಫ್ಟು, ಇವತ್ತು ಬೆಳಿಗ್ಗೆ ಇದ್ದರೆ ಮುಂದಿನ ವಾರ ಇಲ್ಲ. ಅತ್ತೆ ಸೆರಗು ಮೂಗಿಗೆ ಹಿಡಿದರು. ಎಲ್ಲರೂ ನನ್ನ ಕಡೆ ನೋಡಿದರು. ಜೀವಮಾನದಲ್ಲಿ ಮೊದಲ ಸಲ ನನಗೆ ಒಂದು ಖಾಯಂ ಕೆಲಸ ಸಿಕ್ಕಿತು.

ಎದ್ದು ಬರುವಾಗ ಅತ್ತೆ ಬಾಗಿಲಲ್ಲಿ ನಿಂತು ಹಿಂತಿರುಗಿದರು. "ಡಾಕ್ಟ್ರಮ್ಮ, ಬೆಕ್ಕನ್ನ ಹೊರಗೆ ಬಿಡಬೇಡಿ ಅಂದ್ರಲ್ಲ, ಇವನನ್ನೂ ಬಿಡಬೇಡಿ ಅಂತ ಅದೇ ಚೀಟೀಲಿ ಬರೆದುಕೊಡಿ."

೨. ಕೈಗವಸು

ತಂಗಿಯ ಗಂಡನೂ ನಾನೂ ಒಬ್ಬರನ್ನೊಬ್ಬರು ಭಾವ ಅಂತಲೇ ಕರೆಯೋದು. ಮಾತು ಕಡಿಮೆಯ ಮನುಷ್ಯ. ಎರಡು ಸಲವೂ ಆಸ್ಪತ್ರೆಯಿಂದ ಹೆಂಡತಿಯನ್ನ ಕರೆತಂದು ಬಿಟ್ಟು, ಅವತ್ತೇ ಶಿಫ್ಟಿಗೆ ಹೋದವನು ಅಂತ ಜನ ಆಡಿಕೊಂಡಿದ್ದರು. ಅಲ್ಲಿ ಮೆಷಿನ್ನಿನ ಸದ್ದಿನಲ್ಲಿ ಅತ್ತರೆ ಯಾರಿಗೂ ಕೇಳಲ್ಲ ಅಂತ ನನಗೊಬ್ಬನಿಗೆ ಹೇಳಿದ್ದ.

ಗ್ಲೌಸ್ ಬೇಕು ಅಂದಿದ್ದೇ ತಡ, ಸಂಜೆ ಫ್ಯಾಕ್ಟರಿಯಿಂದ ತಂದುಕೊಟ್ಟ. ವೆಲ್ಡಿಂಗ್ ಮಾಡುವವರು ಹಾಕುವ ಚರ್ಮದ್ದು, ಮೊಣಕೈವರೆಗೆ.

"ಭಾವ, ಇದು ಬೆಂಕಿ ಹಿಡಿಯೋಕೆ."

"ಇರಲಿ ಭಾವ. ಗಟ್ಟಿ ಇದೆ. ಈ ಸಲ ಗಟ್ಟಿಯಾಗೇ ಇರಲಿ."

ಹಾಕಿಕೊಂಡೆ. ಬೆಳಿಗ್ಗೆ ಎಂಟಕ್ಕೆ ಆ ಗ್ಲೌಸಿನಲ್ಲಿ, ಮುಖಕ್ಕೆ ಟವೆಲ್ ಸುತ್ತಿ, ಗಂಟು ಹಾಕಿದ ಕವರನ್ನ ಮೈಯಿಂದ ದೂರ ಹಿಡಿದು ಮೆಟ್ಟಿಲಿಳಿದು ಕಸದ ಗಾಡಿಯವರೆಗೆ ಹೋಗುತ್ತಿದ್ದೆ. ನಾಲ್ಕನೇ ದಿನ ಮೇಲಿನ ಮಹಡಿಯ ಹುಡುಗರು ಮೂವರೂ ಒಟ್ಟಿಗೆ ಬಂದು ಅತ್ತೆ ಮುಂದೆ ನಿಂತರು.

"ಆಂಟಿ, ನಾವು ಖಾಲಿ ಮಾಡ್ತೀವಿ."

"ಯಾಕ್ರಪ್ಪಾ?"

"ದಿನಾ ಒಂದೊಂದು ಹಾವು ಹಿಡೀತಿದ್ರೆ ಹೇಗೆ ಆಂಟಿ ಇರೋದು?"

ಅವತ್ತು ಮೆಡಿಕಲ್ ಶಾಪಿನಿಂದ ತೆಳ್ಳಗಿನ ರಬ್ಬರ್ ಗ್ಲೌಸಿನ ಡಬ್ಬಿ ಬಂತು. ಹುಡುಗರು ಉಳಿದರು. ಆದರೂ ತಿಂಗಳುಗಟ್ಟಲೆ ಮೆಟ್ಟಿಲ ಮೇಲೆ ಕಾಲಿಡುವ ಮುಂಚೆ ಒಂದು ಸಲ ಚಪ್ಪಾಳೆ ತಟ್ಟಿಯೇ ಇಳಿಯುತ್ತಿದ್ದರು.

೩. ಉಪ್ಪಿಲ್ಲದ ಪಾತ್ರೆ

ಹಸಿ ಮಾಂಸ ಬೇಡ ಅಂದರಲ್ಲ, ಸಬ್ಬಕ್ಕಿಗೆ ಬೇರೆ ಅಡುಗೆ ಶುರುವಾಯಿತು. ಶಿವಾಜಿನಗರಕ್ಕೆ ಹೋದಾಗ ಕೋಳಿ ತರುತ್ತಿದ್ದೆ. ಬೆಕ್ಕಿಗೆ ಬೇಯಿಸಿ ಕೊಡ್ತೀವಿ ಅಂದದ್ದಕ್ಕೆ ಅಂಗಡಿಯ ಸಾಬರು ಕತ್ತಿ ಕೆಳಗಿಟ್ಟು, "ಅರೇ ಭಾಯ್, ನಂ ಮನೇಲಿ ನನಗೇ ಇಷ್ಟು ಬೇಯಿಸಿ ಹಾಕಲ್ಲ" ಅಂದರು. ಉಪ್ಪು ಖಾರ ಇಲ್ಲದೆ ಬೇಯಿಸಿ ಸಣ್ಣ ಸ್ಟೀಲ್ ಪಾತ್ರೆಯಲ್ಲಿ ಮುಚ್ಚಿಡುವುದು ಅತ್ತೆ ಕೆಲಸ. ಬೆಕ್ಕು ಬೇಡ ಅಂದವರು ಅವರೇ, ಆದರೆ ಹಸಿದ ಪ್ರಾಣಿ ನೋಡಲಾಗದು ಅನ್ನುವವರೂ ಅವರೇ.

ಎರಡು ವಾರ ಕಳೆದಮೇಲೆ ನೋಡಿದರೆ ಸಬ್ಬಕ್ಕಿ ಸೊರಗಿದೆ. ಅತ್ತೆ ಗಾಬರಿಯಾದರು. "ಅಷ್ಟೂ ಖಾಲಿಯಾಗ್ತಿದೆ ಕಣಪ್ಪ, ತಿಂದಿದ್ದು ಎಲ್ಲಿ ಹೋಗ್ತಿದೆ? ಇದಕ್ಕೆ ಏನೋ ರೋಗ. ಆ ರೋಗ ಇವಳಿಗೆ ಬಂದ್ರೆ?"

ತಂಗಿಯ ಮುಖ ಬಿಳಿಚಿಕೊಂಡಿತು. ಆ ಮಧ್ಯಾಹ್ನ ನಾನು ಅಡುಗೆಮನೆಯ ಬಾಗಿಲ ಹಿಂದೆ ಕಾದು ಕೂತೆ. ಮೂರು ಗಂಟೆಗೆ ಮೊದಲ ಶಿಫ್ಟ್ ಮುಗಿಸಿ ಭಾವ ಬಂದ. ಕೈ ತೊಳೆದ. ಆ ಸ್ಟೀಲ್ ಪಾತ್ರೆ ತೆಗೆದ. ಅನ್ನಕ್ಕೆ ಸುರಿದುಕೊಂಡು ತಲೆ ತಗ್ಗಿಸಿ ತಿನ್ನತೊಡಗಿದ.

"ಭಾವ! ಅದು ಬೆಕ್ಕಿಂದು!"

ಅವನ ತುತ್ತು ಅಲ್ಲೇ ನಿಂತಿತು. "ಉಪ್ಪಿಲ್ಲ, ಖಾರ ಇಲ್ಲ... ಅವಳ ಪಥ್ಯದ ಅಡುಗೆ, ಮನೆಯವರಿಗೆಲ್ಲ ಅದೇ ಮಾಡಿದಾರೆ ಅಂದ್ಕೊಂಡೆ. ಈ ಸಲ ಏನು ಹಾಕಿದ್ರೂ ಸುಮ್ನೆ ತಿಂತೀನಿ ಅಂತ ಮನಸ್ಸು ಮಾಡಿದ್ದೆ ಭಾವ."

ಅತ್ತೆ ಮಗನ ತಟ್ಟೆ ನೋಡಿದರು, ಬೆಕ್ಕಿನ ಹೊಟ್ಟೆ ನೋಡಿದರು. "ಎರಡು ವಾರದಿಂದ ಒಂದು ಮಾತು ಆಡಲಿಲ್ವಲ್ಲೋ! ಅದಾದ್ರೂ ಮಿಯಾಂವ್ ಅಂತಿತ್ತು."

೪. ಹೊಲದ ಮಣ್ಣು

ಐದನೇ ತಿಂಗಳಲ್ಲಿ ತಂಗಿಗೆ ಮಣ್ಣಿನ ಬಯಕೆ ಹತ್ತಿತು. ನಮ್ಮ ಹೆಂಗಸರಿಗೆ ಇದು ಹೊಸದಲ್ಲ. ನೀರು ಚಿಮುಕಿಸಿದ ಅಂಗಳದ ವಾಸನೆಗೇ ಬಾಯಲ್ಲಿ ನೀರೂರುತ್ತೆ. ಅತ್ತೆ ಬಸುರಿಯಾಗಿದ್ದಾಗ ಅವರ ಅತ್ತೆ ಹೊಲದ ಬದುವಿನಿಂದ ಚಿಟಿಕೆ ಮಣ್ಣು ತಂದು ಕೊಟ್ಟಿದ್ದರಂತೆ. ಈ ಮನೆಯ ಮಗು ಈ ಮನೆಯ ಮಣ್ಣಿನ ರುಚಿ ಕಂಡು ಹುಟ್ಟಬೇಕು ಅಂತ.

ಈಗ ಬದು ಎಲ್ಲಿದೆ? ಆದರೆ ಅಪಾರ್ಟ್‌ಮೆಂಟಿಗೆ ಅಗೆಯಲು ಜೆಸಿಬಿ ಬಂದ ದಿನ ಅತ್ತೆ ಹೋಗಿ ಏಳು ಬಕೆಟ್ ಮಣ್ಣು ತುಂಬಿಸಿಕೊಂಡು ಬಂದಿದ್ದರು. ಬಣ್ಣದ ಖಾಲಿ ಬಕೆಟ್ಟುಗಳು, ಟೆರೇಸಿನ ಮೇಲೆ ಸಾಲಾಗಿ. ಒಂದರಲ್ಲಿ ಮೆಂತ್ಯ, ಒಂದರಲ್ಲಿ ಹರಿವೆ, ಒಂದರಲ್ಲಿ ಕೊತ್ತಂಬರಿ. ಏಳನೇದರಲ್ಲಿ ಏನೂ ಬಿತ್ತುತ್ತಿರಲಿಲ್ಲ, ಸುಮ್ಮನೆ ಮಣ್ಣು.

ಒಂದು ಬೆಳಿಗ್ಗೆ ಬಟ್ಟೆ ಒಣಹಾಕಲು ಮೇಲೆ ಹೋದೆ. ಕೆಂಚು ಬಣ್ಣದ ಬೀದಿ ಗಂಡು ಬೆಕ್ಕೊಂದು ಆ ಏಳನೇ ಬಕೆಟ್ಟಿನಲ್ಲಿ ಕಣ್ಣು ಅರೆಮುಚ್ಚಿ, ಭಾರಿ ಗಾಂಭೀರ್ಯದಿಂದ ಕೂತಿತ್ತು. ಮುಗಿಸಿ, ಮಣ್ಣು ಎಳೆದು ಮುಚ್ಚಿ, ಪಕ್ಕದ ಟೆರೇಸಿಗೆ ಹಾರಿತು. ನಾನು ನಗುತ್ತಲೇ ಇದ್ದೆ. ಹಿಂದೆಯೇ ಅತ್ತೆ ಚಮಚ ಹಿಡಿದು ಮೆಟ್ಟಿಲು ಹತ್ತಿ ಬಂದು, ಅದೇ ಬಕೆಟ್ಟಿಗೆ ಬಗ್ಗಿ, ಅಂಚಿನಿಂದ ಚಿಟಿಕೆ ಮಣ್ಣು ತೆಗೆದು ಸೆರಗಿನ ತುದಿಗೆ ಗಂಟು ಹಾಕಿದರು.

"ಅಮ್ಮಾ, ಅದ್ಯಾಕೆ?"

"ಅವಳಿಗೆ ಕಣಪ್ಪ. ನಾಲ್ಕು ದಿನದಿಂದ ಕೊಡ್ತಿದ್ದೀನಿ. ಪಾಪ, ಆಸೆಪಟ್ಟು ತಿಂತಾಳೆ."

ನನ್ನ ಕೈಯಲ್ಲಿದ್ದ ಒದ್ದೆ ಬೆಡ್‌ಶೀಟು ಕೆಳಗೆ ಬಿತ್ತು.

ಅರ್ಧ ಗಂಟೆಯಲ್ಲಿ ಆಟೋದಲ್ಲಿದ್ದೆವು. ದೊಮ್ಮಲೂರು ಫ್ಲೈಓವರ್ ದಾಟುತ್ತಿದ್ದಂತೆ, "ಯಾಕೆ ತಿಂದೆ?" ಅಂತ ಕೇಳಿದ್ದಕ್ಕೆ ತಂಗಿ ಸಣ್ಣ ದನಿಯಲ್ಲಿ, "ಅತ್ತೆ ಅಷ್ಟು ಪ್ರೀತಿಯಿಂದ ಕೊಟ್ಟಾಗ ಹೇಗೆ ಬೇಡ ಅನ್ನಲಿ ಅಣ್ಣ? ಚೆನ್ನಾಗೂ ಇತ್ತು" ಅಂದಳು.

ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು ಹಣೆಗೆ ಕೈ ಹಚ್ಚಿದರು. "ಮನೇಲಿರೋ ಬೆಕ್ಕಿಗೆ ಕಾವಲು ಹಾಕಿ, ಬೀದಿ ಬೆಕ್ಕಿಂದನ್ನ ಚಮಚದಲ್ಲಿ ಕೊಟ್ರಾ? ಬೆಕ್ಕನ್ನ ಓಡಿಸಿ ಅಂತ ಬಂದೋರು ಯಾರು ಅವತ್ತು?"

ಅತ್ತೆ ಶಾಲೆಯ ಹುಡುಗಿಯ ಥರ ಕೈ ಎತ್ತಿದರು.

ರಕ್ತ ಪರೀಕ್ಷೆ ಮಾಡಿಸಿದರು, ಕೆಲವು ವಾರ ಬಿಟ್ಟು ಇನ್ನೊಂದು ಸಲ. ಎರಡರ ಮಧ್ಯೆ ಅತ್ತೆ ಸರಿಯಾಗಿ ಊಟ ಮಾಡಲಿಲ್ಲ. ಎರಡೂ ಸಲ ಏನೂ ಇಲ್ಲ ಅಂತ ಬಂತು. ಮಣ್ಣನ್ನ ಕಸದ ಗಾಡಿಗೆ ಸುರಿದುಬಿಡೋಣ ಅಂತ ನಾನು ಬಕೆಟ್ ಎತ್ತಿದೆ. ಅವರು ಅದರ ಹಿಡಿ ಹಿಡಿದುಕೊಂಡರು. ಬಿಡಲಿಲ್ಲ. ಹಳೇ ಸೀರೆ ಹರಿದು ಏಳು ಬಕೆಟ್ಟಿಗೂ ಬಾಯಿ ಕಟ್ಟಿದರು. ಆಮೇಲೆ ಒಂದು ಕೋಲು ತಗೊಂಡು ಪಕ್ಕದಲ್ಲಿ ಕೂತರು.

"ಹೊಲ ಕಾಯೋದು ಮರೆತೇಹೋಗಿತ್ತು. ಏಳೇ ಬಕೆಟ್ ಉಳಿದಿದ್ರೂ ಹೊಲ ಹೊಲಾನೇ ಅಲ್ವೇನಪ್ಪ" ಅಂದರು.

೫. ಸೀರಿಯಸ್ ಯಾರು?

ಆರನೇ ತಿಂಗಳಲ್ಲಿ ನನ್ನ ಕಾಲು ತುರಿಸತೊಡಗಿತು. ನಾನು ಒಂದು ಕಡೆ ಮೂರು ತಿಂಗಳು ಇದ್ದದ್ದು ಅದೇ ಮೊದಲು. ಹಲಸೂರಿನ ಶಾಮಿಯಾನದ ಗೆಳೆಯ ಫೋನ್ ಮಾಡಿದ. "ಮಗಾ, ಕೋಲಾರದಲ್ಲಿ ಮದುವೆ. ಎರಡೇ ದಿನ, ಬಾ."

ಅವತ್ತಿನ ಟ್ರೇ ತೆಗೆದು, ತಂಗಿಗೆ ಹೇಳದೆ ಟೆಂಪೋ ಹತ್ತಿದೆ. ಹಿಂದೆ ಕಂಬಗಳ ಮೇಲೆ ಕೂತು ಗಾಳಿಗೆ ಮುಖ ಕೊಟ್ಟಾಗ ಜೀವ ಬಂದ ಹಾಗಾಯಿತು. ಕೆ.ಆರ್. ಪುರದ ತೂಗು ಸೇತುವೆ ಕಂಡಿತು. ನಾಳೆ ಟ್ರೇ ಯಾರು ತೆಗೀತಾರೆ ಅನ್ನೋದು ಆಗ ಹೊಳೆಯಿತು. ಭಾವನಿಗೆ ಎರಡು ಶಿಫ್ಟು. ಅತ್ತೆ ಮುಟ್ಟಲ್ಲ. ವಾಸನೆ ಬಂದರೆ ತಂಗಿಯೇ ಸುಮ್ಮನೆ ತೆಗೆದುಬಿಡುತ್ತಾಳೆ, ಅವಳ ಸ್ವಭಾವ ನನಗೆ ಗೊತ್ತು.

"ನಿಲ್ಸು, ನಿಲ್ಸು" ಅಂತ ಕ್ಯಾಬಿನ್ ಬಡಿದೆ.

ಗೆಳೆಯ ಇಳಿದು ಬಂದ. ನನ್ನ ಮುಖ ನೋಡಿ ಅವನ ದನಿಯೇ ಇಳಿಯಿತು. "ಏನ್ ಗುರು, ಮನೇಲಿ ಯಾರಿಗಾದ್ರೂ ಸೀರಿಯಸ್ಸಾ?"

"ಇಲ್ಲ. ಬೆಕ್ಕಿನ ಕಕ್ಕಸು ತೆಗೀಬೇಕು."

"ಮಗಾ," ಅಂದ, "ನೀನು ನಿಮ್ಮಪ್ಪನ ತಿಥಿಗೇ ಬರಲಿಲ್ಲ."

೬. ಎದುರು ಮನೆಯಾಕೆಗೆ ಪಾಠ

ಇದನ್ನ ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಬರೆಯದಿದ್ದರೆ ಮೇಲಿನದೆಲ್ಲ ಸುಳ್ಳಾಗುತ್ತೆ.

ಎಂಟನೇ ತಿಂಗಳಲ್ಲಿ ಒಂದು ಬೆಳಿಗ್ಗೆ ತಂಗಿ, "ಅಣ್ಣ, ಇದು ನಿನ್ನೆಯಿಂದ ಒದೀತಿಲ್ಲ" ಅಂದಳು. ಹೆಣ್ಣು ಮಗು. ಹೊಕ್ಕುಳಬಳ್ಳಿ ಗಂಟುಬಿದ್ದು, ಅದೂ ಹೋಗಿತ್ತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಅತ್ತೆ ನನ್ನ ಅಂಗಿ ಹಿಡಿದು ಎಳೆದರು. "ಕೇಳಪ್ಪ ಆ ಡಾಕ್ಟ್ರನ್ನ. ನನಗೆ ಕೇಳೋಕೆ ಬಾಯಿ ಬರ್ತಿಲ್ಲ. ಆ ಮಣ್ಣಿಂದಾನಾ ಅಂತ ಕೇಳು."

ಕೇಳಿದೆ. ಡಾಕ್ಟರಮ್ಮ ಅತ್ತೆ ಪಕ್ಕ ಬೆಂಚಿನ ಮೇಲೆ ಕೂತು ಅವರ ಕೈ ಹಿಡಿದುಕೊಂಡರು. "ಮಣ್ಣಿಂದಲ್ಲಮ್ಮ. ಬೆಕ್ಕಿಂದಲೂ ಅಲ್ಲ. ಬಳ್ಳಿ ಗಂಟಾಯ್ತು, ಅಷ್ಟೆ. ಯಾರ ತಪ್ಪೂ ಅಲ್ಲ."

ಮನೆಗೆ ಬಂದ ಒಂಬತ್ತನೇ ದಿನ ಎದುರು ಮನೆಯಾಕೆ ಬಂದಳು. ತಂಗಿ ಒಳಗಿನ ಕೋಣೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದಳು, ಸಬ್ಬಕ್ಕಿ ಅವಳ ಬೆನ್ನಿಗಿತ್ತು. ಆಕೆ ನಡುಮನೆಯಲ್ಲಿ ಕೂತು, ಕಣ್ಣೊರೆಸಿಕೊಂಡು, ಒಳಗೆ ಕೇಳುವಷ್ಟು ಗಟ್ಟಿಯಾಗಿ ನಿಟ್ಟುಸಿರು ಬಿಟ್ಟಳು. "ಅವತ್ತೇ ಬಡ್ಕೊಂಡೆ. ಬೆಕ್ಕನ್ನ ಓಡಿಸಿ ಅಂತ."

ಅತ್ತೆ ಒಂಬತ್ತು ದಿನದಿಂದ ಬಾಯಿ ಬಿಟ್ಟಿರಲಿಲ್ಲ.

"ಏನಂದ್ರಿ?" ಅಂದರು. "ಬೆಕ್ಕಾ? ಬೆಕ್ಕಿನ ವಿಷಯ ಏನು ಗೊತ್ತು ನಿಮಗೆ? ಕೂದಲು ಹೊಟ್ಟೆಗೆ ಹೋಗುತ್ತಾ? ಹೊಟ್ಟೆ ಏನು ನಿಮ್ಮನೆ ಕಿಟಕಿನಾ? ಸೋಂಕು ಇರೋದು ಕಕ್ಕಸಲ್ಲಿ, ಅದೂ ಒಂದು ದಿನ ಬಿಟ್ಟಮೇಲೆ. ನಮ್ಮನೇಲಿ ಒಂದು ದಿನಾನೂ ಬಿಟ್ಟಿಲ್ಲ. ನೋಡಿ ಈ ಮನುಷ್ಯನ್ನ, ಮನೆ ಬಿಟ್ಟು ಓಡಿಹೋಗೋದೇ ಇವನ ಕೆಲಸ, ಇಂಥವನೇ ಒಂದು ದಿನ ಬಿಟ್ಟಿಲ್ಲ! ನಿಮ್ಮ ಸೊಸೆ ಬಸುರಿಯಾಗಿದ್ದಾಗ ನೀವು ಕೊತ್ತಂಬರಿ ಎಷ್ಟು ನೀರಲ್ಲಿ ತೊಳೀತಿದ್ರಿ? ಹೇಳಿ. ಕೈಮಾ ಉಂಡೆ ಒಳಗೆ ಕೆಂಪಗೇ ಇರುತ್ತಲ್ಲ ನಿಮ್ಮನೇಲಿ, ಅದು? ಮಣ್ಣು ಮುಟ್ಟಿದ್ರೆ ಸೋಪಲ್ಲಿ ಕೈ ತೊಳೀತೀರಾ? ತೋರಿಸಿ ಕೈ. ತೋರಿಸ್ರೀ!"

ಎದುರು ಮನೆಯಾಕೆ ನಿಜವಾಗಿಯೂ ಎರಡೂ ಕೈ ಚಾಚಿ ತೋರಿಸಿದಳು. ಅತ್ತೆ ಉಗುರುಗಳನ್ನ ಒಂದೊಂದಾಗಿ ನೋಡಿ, "ಹೋಗಿ ತೊಳ್ಕೊಂಡು ಬನ್ನಿ, ಆಮೇಲೆ ಕಾಫಿ" ಅಂದರು.

೭. ಕೆಲಸ ವಹಿಸಿಕೊಟ್ಟದ್ದು

ಮಾರನೇ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ತಂಗಿ ಟ್ರೇ ಮುಂದೆ ಗ್ಲೌಸಿಲ್ಲದೆ ಕೂತಿದ್ದಳು, ಕೈಯಲ್ಲಿ ಜರಡಿ ಸೌಟು. "ಇನ್ನು ನೀನು ಮಾಡೋದು ಬೇಡ ಅಣ್ಣ. ನಾನೇ ಮುಟ್ಟಬಹುದಲ್ಲ ಈಗ."

ಅತ್ತೆ ಅಡುಗೆಮನೆಯಿಂದ ಬಂದು ಸೌಟು ಕಿತ್ತುಕೊಂಡರು. "ನೀನು ಮುಟ್ಟಬೇಡ. ಒಳಗೆ ಹೋಗಿ ಮಲಕ್ಕೋ." ಅವಳು ಹೋದಮೇಲೆ ನನ್ನ ಕಡೆ ತಿರುಗಿ, "ನಿನ್ನ ಕಾಲು ಬಾಗಿಲ ಕಡೆ ತಿರುಗಿದೆ, ಕಾಣುತ್ತೆ ನನಗೆ. ಹೋಗು. ಹೋಗೋ ಮುಂಚೆ ಇದನ್ನ ಹೇಳ್ಕೊಟ್ಟು ಹೋಗು" ಅಂದರು.

ನಾನು ನಡುಮನೆಯಲ್ಲಿ ಬ್ಯಾಗಿಗೆ ಬಟ್ಟೆ ತುಂಬುತ್ತಾ, ಬಾತ್‌ರೂಮಿನ ಪಕ್ಕ ಟ್ರೇ ಮುಂದೆ ಕುಕ್ಕರಗಾಲಲ್ಲಿ ಕೂತ ಅವರಿಗೆ ಹೇಳಿಕೊಡುತ್ತಾ ಹೋದೆ. "ಗ್ಲೌಸ್ ಮೊದಲು. ಈಗ ಅಂಚಿನಿಂದ. ಅಲ್ಲಾಡಿಸಿ, ಮರಳು ಕೆಳಗೆ ಬೀಳಲಿ."

"ಮೂಗು?"

"ಮುಚ್ಕೊಳ್ಳೋಕೆ ಕೈ ಎಲ್ಲಿದೆ ಅಮ್ಮ? ಉಸಿರು ಕಟ್ಕೊಳ್ಳಿ."

ಅವರು ಉಸಿರು ಕಟ್ಟಿ, ಕೆನ್ನೆ ಉಬ್ಬಿಸಿ, ಕಣ್ಣನ್ನೂ ಗಟ್ಟಿಯಾಗಿ ಮುಚ್ಚಿಕೊಂಡು ಸೌಟು ಹಾಕಿದರು. ಸಬ್ಬಕ್ಕಿ ಕೋಣೆಯಿಂದ ಎದ್ದು ಬಂದು ಅವರ ಪಕ್ಕ ಕೂತು, ಮೇಸ್ತ್ರಿಯ ಹಾಗೆ ನೋಡತೊಡಗಿತು. ಅತ್ತೆ ತೆಗೆದು ಮುಗಿಸಿ, ಕವರಿಗೆ ಗಂಟು ಹಾಕಿ, ಮರಳನ್ನ ಒಂದೇ ಸಮ ಮಾಡಿ ಹಣೆ ಬೆವರನ್ನ ತೋಳಿಗೆ ಒರೆಸಿಕೊಂಡರು. ಅದೇ ಗಳಿಗೆಯಲ್ಲಿ ಸಬ್ಬಕ್ಕಿ ಟ್ರೇ ಹತ್ತಿ, ಅವರನ್ನೇ ದಿಟ್ಟಿಸಿ ನೋಡುತ್ತಾ, ಕೂತಿತು.

"ಅಯ್ಯೋ ನಿನ್ನ! ಒಂದು ನಿಮಿಷ ಮುಂಚೆ ಹೇಳೋಕೆ ಏನಾಗಿತ್ತೇ?"

ಕೋಣೆಯ ಬಾಗಿಲಲ್ಲಿ ತಂಗಿ ಬಂದು ನಿಂತಿದ್ದಳು. ನಕ್ಕಳು. ಬಾಯಿಗೆ ಕೈ ಅಡ್ಡ ಇಟ್ಟರೂ ನಿಲ್ಲಲಿಲ್ಲ. ನಗುತ್ತಾ ನಗುತ್ತಾ ಬಾಗಿಲ ಚೌಕಟ್ಟಿಗೆ ಒರಗಿ ಜಾರಿ ಕೂತಳು, ಆಮೇಲೆ ಅದು ಅಳುವಾಯಿತು. ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ ಅವಳು.

ಅತ್ತೆ ಸೌಟು ಎಸೆದು ಎರಡೂ ತೋಳು ಚಾಚಿ ಅವಳ ಕಡೆ ಓಡಿದರು.

"ಅಮ್ಮಾ, ಕೈ!" ಅಂತ ಕಿರುಚಿದೆ. ಐದು ತಿಂಗಳ ಅಭ್ಯಾಸ, ಬಾಯಿಂದ ತಾನಾಗಿ ಬಂತು.

ಅವರು ತಂಗಿಯಿಂದ ಒಂದು ಗೇಣು ದೂರದಲ್ಲಿ ಹಾಗೇ ನಿಂತರು. ನಾನು ಹೇಳಿದ್ದು ಈಗ ಬೇಕಾಗಿಲ್ಲ ಅಂತ ಮೂವರಿಗೂ ಗೊತ್ತಿತ್ತು. ಆದರೂ ಅವರು ಹಿಂತಿರುಗಿ ಗ್ಲೌಸ್ ಕಳಚಿದರು. ಬಾತ್‌ರೂಮಿನ ನಲ್ಲಿ ಬಿಟ್ಟು, ಸೋಪು ಹಚ್ಚಿ, ಬೆರಳ ಸಂದಿ, ಉಗುರು, ಮಣಿಕಟ್ಟು ಎಲ್ಲ ಉಜ್ಜುತ್ತಾ, ಅಳುತ್ತಾ, "ಬಂದೆ ಕಣೇ, ಬಂದೆ, ಒಂದು ನಿಮಿಷ" ಅನ್ನುತ್ತಿದ್ದರು.

"ಸಾಕು ಬನ್ನಿ ಅತ್ತೆ" ಅಂದಳು ತಂಗಿ, ಅಳುತ್ತಲೇ.

"ಇರು, ಮೊಣಕೈ ಒಂದು ಬಾಕಿ ಇದೆ!"

ನಾನು ಕೊನೆಯ ಅಂಗಿ ಮಡಚಿದೆ. ಅದರಲ್ಲಿ ಮುಖ ಒರೆಸಿಕೊಂಡೆ, ಮತ್ತೆ ಮಡಚಿ, ಬ್ಯಾಗಿಗೆ ಹಾಕಿದೆ.